ಹನ್ನೆರಡರಲ್ಲಿ ನಾಲ್ಕು ತೆಗೆದವರು

ಅವರ ಅಂಗಿಗಳಿಗೆಲ್ಲ ಹೊಟ್ಟೆಯ ಹತ್ತಿರ ತೂತು. ಒಂದೆರಡಲ್ಲ, ಜರಡಿಯ ಹಾಗೆ ಸಣ್ಣ ಸಣ್ಣ ತೂತುಗಳು, ಅಂಚೆಲ್ಲ ಕಂದು ಬಣ್ಣಕ್ಕೆ ಸುಟ್ಟಿದ್ದವು. ಬ್ಯಾಟರಿಯ ಆಸಿಡ್ ಸಿಡಿದು ಸಿಡಿದು ಆದದ್ದು. ಹೊಸ ಅಂಗಿ ತೊಟ್ಟರೂ ವಾರದೊಳಗೆ ಅದಕ್ಕೂ ಅದೇ ಗತಿ. ಅಂಗಿಯ ತೂತಿನಿಂದ ಬನಿಯನ್ನು ಕಾಣುತ್ತಿತ್ತು, ಬನಿಯನ್ನಿನ ತೂತಿನಿಂದ ಹೊಟ್ಟೆ ಕಾಣುತ್ತಿತ್ತು. ಬಲಗೈ ಹೆಬ್ಬೆರಳಿನ ಉಗುರು ಅರಿಸಿನ ಹಚ್ಚಿದಂತೆ ಹಳದಿ. ಬೇರೆಯವರು ಪೆನ್ನು ಸಿಕ್ಕಿಸಿಕೊಳ್ಳುವ ಜೇಬಿನಲ್ಲಿ ಇವರು ಆಸಿಡ್ಡಿನ ಗಟ್ಟಿತನ ಅಳೆಯುವ ಗಾಜಿನ ಕೊಳವೆಯೊಂದನ್ನು ಸಿಕ್ಕಿಸಿಕೊಂಡು ಓಡಾಡುತ್ತಿದ್ದರು. ಗುಂಡ್ಲುಪೇಟೆಯಲ್ಲಿ ಅವರಿಗೊಂದು ಅಂಗಡಿ ಇತ್ತು, ಬೋರ್ಡಿನ ಅಕ್ಷರ ಅಳಿಸಿಹೋಗಿತ್ತು. ಎಲ್ಲರೂ ಬ್ಯಾಟರಿಯವರು ಎನ್ನುತ್ತಿದ್ದರು. ನಾನೂ ಹಾಗೆಯೇ ಕರೆದೆ.

ಅವರು ತೀರಿಕೊಂಡು ಎಂಟು ತಿಂಗಳಾಯಿತು. ಇವತ್ತಿಗೂ ಅವರನ್ನು ನೆನೆಸಿಕೊಂಡರೆ ಮೊದಲು ಬರುವುದು ಕಣ್ಣೀರಲ್ಲ, ಕೋಪ. ಇಷ್ಟು ಸತಾಯಿಸಿದ ಮನುಷ್ಯನನ್ನು ನಾನು ಬೇರೆ ಕಂಡಿಲ್ಲ. ಕೊಳ್ಳಲು ಬಂದವನಿಗೆ ಸಾಮಾನು ಕೊಡದ ಅಂಗಡಿಯವನು ಲೋಕದಲ್ಲಿ ಎಲ್ಲಿಯಾದರೂ ಇದ್ದಾನೆಯೆ? ಇವರು ಕೊಡುತ್ತಿರಲಿಲ್ಲ. ಸೋಲಾರಿಗೆ ನಾಲ್ಕು ಬ್ಯಾಟರಿ ಬೇಕು ಅಂತ ಹೋದವರನ್ನು ಕೂರಿಸಿ, ಬೆಳಿಗ್ಗೆ ಎಷ್ಟೊತ್ತಿಗೆ ಏಳುತ್ತೀರಿ, ದೋಸೆ ಹಿಟ್ಟು ವಾರಕ್ಕೆ ಎಷ್ಟು ಸಲ ರುಬ್ಬುತ್ತೀರಿ, ಧಾರಾವಾಹಿ ಎಷ್ಟು ನೋಡುತ್ತೀರಿ ಅಂತ ಹೆಣ್ಣು ನೋಡಲು ಬಂದವರಂತೆ ವಿಚಾರಿಸುತ್ತಿದ್ದರು. ಕೊನೆಗೆ, ‘ಒಂದಿನ ಬಂದು ನಿಮ್ಮನೇಲಿ ಕೂತ್ಕತೀನಿ, ಆಮೇಲೆ ನೋಡನ ಬುಡಿ’ ಎಂದು ಕಳಿಸಿಬಿಡುತ್ತಿದ್ದರು. ಭೀಮನಬೀಡಿನಿಂದ ಒಬ್ಬರು ಅರಿಸಿನದ ಪಾಲಿಶ್ ಕೆಲಸ ಬಿಟ್ಟು ಮೂರು ಸಲ ಬಂದು ಬರಿಗೈಯಲ್ಲಿ ಹೋದದ್ದನ್ನು ನಾನೇ ಕಂಡಿದ್ದೇನೆ. ಅವರು ಬೈದದ್ದನ್ನು ಇಲ್ಲಿ ಬರೆಯಲಾಗದು.

ಅವರ ಈ ಚಟ ಹುಟ್ಟಿದ್ದು ಕಾಡಿನ ಅಂಚಿನ ಬೇಲಿಗಳಿಂದ. ಪ್ರಾಯದಲ್ಲಿ ಅವರು ಆನೆ ತಡೆಯಲು ಹಾಕುವ ಸೋಲಾರ್ ಬೇಲಿಗಳ ಬ್ಯಾಟರಿ ನೋಡಿಕೊಳ್ಳುತ್ತಿದ್ದರಂತೆ. ಬೇಲಿಯಿಂದ ಗುಟ್ಟಾಗಿ ತಂತಿ ಎಳೆದು ಮನೆಯಲ್ಲಿ ಬಲ್ಬು ಹಾಕಿಕೊಂಡವರು, ಹಾಕಿಲ್ಲ ಅಂತ ದೇವರ ಮೇಲೆ ಆಣೆ ಇಡುವವರು, ಇವರನ್ನೆಲ್ಲ ನೋಡಿ ನೋಡಿ ಅವರಿಗೆ ಮನುಷ್ಯರ ಬಾಯಿಯ ಲೆಕ್ಕದ ಮೇಲೆ ನಂಬಿಕೆಯೇ ಹೋಗಿತ್ತು. ‘ನನ್ನತ್ರ ಸುಳ್ಳೇಳ್ಬೋದು ಕಣಮ್ಮ. ಆನೆ ಅತ್ರ ಏಳಕಾದದಾ? ಬೇಲಿಲಿ ಕರೆಂಟು ಕಮ್ಮಿ ಅಂದ್ರೆ ಅದ್ಕೆ ಮೊದ್ಲು ಗೊತ್ತಾಯ್ತದೆ’ ಎನ್ನುತ್ತಿದ್ದರು. ಈ ಮಾತನ್ನು ನಾನು ಕಡಿಮೆಯೆಂದರೂ ನಲವತ್ತು ಸಲ ಕೇಳಿದ್ದೇನೆ.

ನಾನು ಅವರ ಅಂಗಡಿ ಮೆಟ್ಟಿಲು ಹತ್ತಿದ್ದು ನನ್ನ ಯಜಮಾನರ ಉಸಿರಿಗಾಗಿ. ಅವರು ಇಪ್ಪತ್ತು ವರ್ಷ ಚಾಮರಾಜನಗರದ ಕಡೆ ಕರಿಕಲ್ಲಿನ ಕ್ವಾರಿಯಲ್ಲಿ ಕಲ್ಲು ಕೊಯ್ಯುವ ಯಂತ್ರ ನಡೆಸಿದವರು. ಆ ದೂಳು ಶ್ವಾಸಕೋಶದಲ್ಲಿ ಕೂತು ಗಟ್ಟಿಯಾಗಿತ್ತು. ಮೈಸೂರಿನ ಡಾಕ್ಟರು, ಇದು ವಾಸಿಯಾಗುವ ಕಾಯಿಲೆಯಲ್ಲ, ಮನೆಯಲ್ಲಿ ಆಕ್ಸಿಜನ್ ಯಂತ್ರ ಇಟ್ಟುಕೊಳ್ಳಿ, ದಿನಕ್ಕೆ ಹದಿನಾರು ಗಂಟೆಗೆ ಕಡಿಮೆ ಮಾಡಬೇಡಿ, ಬೇಕೆನಿಸಿದರೆ ಪೂರ್ತಿ ದಿನವೂ ಹಾಕಿಕೊಳ್ಳಲಿ ಎಂದು ಕಳಿಸಿದರು. ಗಾಳಿಯನ್ನು ಎಳೆದುಕೊಂಡು ಅದರಿಂದ ಆಮ್ಲಜನಕ ಬೇರ್ಪಡಿಸಿ ಮೂಗಿನ ನಳಿಕೆಗೆ ಕೊಡುವ ಪೆಟ್ಟಿಗೆ ಅದು. ಸಣ್ಣದಾಗಿ ಗುಂಯ್ ಅನ್ನುತ್ತಲೇ ಇರುತ್ತದೆ. ಕರೆಂಟು ನಿಂತರೆ ಅದೂ ನಿಲ್ಲುತ್ತದೆ.

ನಮ್ಮ ಮನೆಗೆ ಕರೆಂಟೇ ಇರಲಿಲ್ಲ. ಹಂಗಳ ದಾಟಿ ಕಾಡಿನ ಕಡೆ ಮೂರು ಮೈಲಿ ಹೋದರೆ ನಮ್ಮ ಜಮೀನು, ಜಮೀನಿನಲ್ಲೇ ಮನೆ. ಕಂಬ ನೆಡಬೇಕಾದ ಜಾಗ ಯಾರದು ಎಂಬ ಕಡತ ಮೇಜಿನಿಂದ ಮೇಜಿಗೆ ಓಡಾಡುತ್ತಲೇ ಇತ್ತು. ಪೇಟೆಯಲ್ಲಿ ಬಾಡಿಗೆ ಮನೆ ಮಾಡೋಣ ಅಂದರೆ ಯಜಮಾನರು ಒಪ್ಪಲಿಲ್ಲ. ಲಾರಿ ಹೊಗೆ ಕುಡಿದು ಸಾಯುವುದಕ್ಕಿಂತ ಇಲ್ಲೇ ಇರುತ್ತೇನೆ ಎಂದರು. ದೀಪಕ್ಕೆ, ಟಿ.ವಿ.ಗೆ, ಮಿಕ್ಸಿಗೆ ಅಂತ ಒಂದು ಪುಟ್ಟ ಸೋಲಾರ್ ಇತ್ತು, ಅದು ಈ ಯಂತ್ರದ ಭಾರ ಹೊರುವಂಥದಲ್ಲ. ಎರಡು ತಿಂಗಳು ಹಗ್ಗ ಎಳೆದು ಹಚ್ಚುವ ಪೆಟ್ರೋಲ್ ಜನರೇಟರಿನ ಮೇಲೆ, ಇಲ್ಲದಾಗ ಸಿಲಿಂಡರಿನ ಮೇಲೆ ನಡೆಸಿದೆವು. ಬೆಳಿಗ್ಗೆ ನಾನು ಜನರೇಟರ್ ಹಚ್ಚಿ ಶಾಲೆಗೆ ಹೋಗುತ್ತಿದ್ದೆ. ಮನೆಯಲ್ಲಿ ಯಜಮಾನರು ಮತ್ತು ಅತ್ತೆ ಇಬ್ಬರೇ.

ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವಳು. ಹಾಗಾಗಿ ಅಂಗಡಿಗೆ ಹೋಗುವಾಗಲೇ ಒಂದು ಹಾಳೆಯಲ್ಲಿ ಲೆಕ್ಕ ಮಾಡಿಕೊಂಡು ಹೋಗಿದ್ದೆ. ಯಂತ್ರಕ್ಕೆ ಎಷ್ಟು ವ್ಯಾಟ್, ದಿನಕ್ಕೆ ಎಷ್ಟು ಗಂಟೆ, ಟಿ.ವಿ.ಗೆ ಎಷ್ಟು, ಒಟ್ಟು ಎಷ್ಟು ಯೂನಿಟ್ಟು, ಅದಕ್ಕೆ ಎಷ್ಟು ಪ್ಯಾನೆಲ್, ಎಷ್ಟು ಬ್ಯಾಟರಿ, ಎಲ್ಲ ಸ್ಕೇಲಿಟ್ಟು ಗೆರೆ ಎಳೆದು ಬರೆದಿದ್ದೆ. ಬ್ಯಾಟರಿಯವರು ಕನ್ನಡಕ ಏರಿಸಿ ಪೂರ್ತಿ ಓದಿದರು. ಒಂದು ಕಡೆಯೂ ತಪ್ಪಿಲ್ಲ ಎಂದರು. ನನಗೆ ಖುಷಿಯಾಯಿತು. ಆಮೇಲೆ ಹಾಳೆ ವಾಪಸು ಕೊಟ್ಟು, ‘ಲೆಕ್ಕ ಸರಿಯಾಗದೆ. ಆದ್ರೆ ಈ ಗಂಟೆಗಳ ನಿಮ್ಗೆ ಏಳ್ದೋರ್ಯಾರು?’ ಎಂದರು. ಮನೆಯವರು ಹೇಳಿದ್ದು, ಇನ್ಯಾರು ಹೇಳುತ್ತಾರೆ ಎಂದೆ. ಹಾಗಾದರೆ ಒಂದು ದಿನ ಬಂದು ಕೂರುತ್ತೇನೆ ಎಂದರು. ನಾನು ಪಾಠ ಮಾಡುವ ದನಿಯಲ್ಲೇ, ಒಬ್ಬರ ಉಸಿರಿನ ವಿಷಯ ಇದು, ದಿನ ತಳ್ಳುವುದಕ್ಕೆ ಸಮಯವಿಲ್ಲ ಎಂದು ಹೇಳಿದೆ. ಅವರು ತಲೆಯಾಡಿಸಿ, ಭಾನುವಾರ ಬರುತ್ತೇನೆ ಎಂದರು.

ಭಾನುವಾರ ಬೆಳಿಗ್ಗೆ ಏಳಕ್ಕೇ ಅವರ ಹಳೇ ಮೊಪೆಡ್ಡಿನ ಸದ್ದು ಕೇಳಿತು. ಹಜಾರದ ಮೂಲೆಯಲ್ಲಿ ಗೋಡೆಗೊರಗಿ ಕೂತರು, ತೊಡೆಯ ಮೇಲೆ ಒಂದು ನೋಟ್‌ಬುಕ್ಕು. ಸ್ವಿಚ್ಚು ಟಕ್ ಅಂದಾಗಲೆಲ್ಲ ಗಡಿಯಾರ ನೋಡಿ ಬರೆಯುವುದು, ಅಷ್ಟೇ ಕೆಲಸ. ಮಾತಿಲ್ಲ, ಕತೆಯಿಲ್ಲ.

ಆದರೆ ಮನೆಗೆ ಬಂದವರು ನೆಂಟರು ತಾನೆ? ಅತ್ತೆ ಬಿಡುತ್ತಾರೆಯೇ? ಒತ್ತುಶಾವಿಗೆ, ಕಾಯಿಹಾಲು ಮಾಡಲು ನಿಂತರು. ನೆಂಟರ ಕಿವಿಗೆ ಮಿಕ್ಸಿ ಗರಗರ ಅನ್ನಬಾರದೆಂದು ಕಾಯಿಯನ್ನು ಒರಳಿನಲ್ಲಿ ರುಬ್ಬಿದರು. ದಿನವಿಡೀ ಬಡಿದುಕೊಳ್ಳುತ್ತಿದ್ದ ಟಿ.ವಿ. ಅವತ್ತು ಬಾಯಿ ತೆರೆಯಲಿಲ್ಲ. ಯಜಮಾನರಂತೂ ಇಸ್ತ್ರಿ ಅಂಗಿ ತೊಟ್ಟು, ವಿಭೂತಿ ಧರಿಸಿ, ಮೂಗಿನ ನಳಿಕೆ ತೆಗೆದು ಬದಿಗಿಟ್ಟು ಕುರ್ಚಿಯಲ್ಲಿ ನೆಟ್ಟಗೆ ಕೂತರು. ಪರರ ಮುಂದೆ ಮೂಗಿಗೆ ಕೊಳವೆ ಹಾಕಿಕೊಂಡು ಕೂರುವುದು ಅವರಿಗೆ ಮರ್ಯಾದೆ ಹೋದ ಹಾಗೆ. ಜನರೇಟರ್ ನಿಲ್ಲಿಸಿಬಿಟ್ಟರು, ಮಾತಾಡಲು ಸದ್ದು ಅಡ್ಡಿ ಎಂದರು. ಕರಿಕಲ್ಲಿನಲ್ಲಿ ಎಷ್ಟು ಜಾತಿ, ಯಾವುದು ಹೊಳಪು ಹಿಡಿಯುತ್ತದೆ ಅಂತ ಮಾತಿಗೆ ಕೂತರು. ಎರಡು ಮಾತಿಗೊಮ್ಮೆ ನಿಲ್ಲಿಸಿ ಉಸಿರೆಳೆದುಕೊಂಡರೂ ನಗುನಗುತ್ತಲೇ ಇದ್ದರು. ನಾನು ಕಣ್ಣಲ್ಲೇ ಗದರಿದೆ, ಅವರು ನನ್ನ ಕಡೆ ನೋಡಲೇ ಇಲ್ಲ.

ಸಂಜೆ ಬ್ಯಾಟರಿಯವರು ನೋಟ್‌ಬುಕ್ಕು ಮಡಚಿದರು. ಕೊಡುತ್ತೀರಾ ಎಂದೆ. ಬಾಗಿಲಾಚೆ ಬಂದ ಮೇಲೆ ಮೆಲ್ಲಗೆ, ‘ಇವತ್ತು ನಾ ಬರೆದದ್ದು ಮನೆ ಲೆಕ್ಕ ಅಲ್ಲ ಕಣಮ್ಮ, ನೆಂಟಸ್ತಿಕೆ ಲೆಕ್ಕ’ ಎಂದರು. ಹದಿನೈದು ದಿನ ನೀವೇ ಬರೆದಿಡಿ, ಯಂತ್ರ ಯಾವಾಗ ಶುರು, ಯಾವಾಗ ನಿಂತಿತು ಅಂತ, ನಿಮ್ಮ ಅತ್ತೆಯವರಿಗೂ ಬರೆಯಲು ಹೇಳಿ, ಆಮೇಲೆ ಬನ್ನಿ ಎಂದು ಮೊಪೆಡ್ ತುಳಿದರು.

ನನಗೆ ಮೈಯೆಲ್ಲ ಉರಿದುಹೋಯಿತು. ಹದಿನೈದು ದಿನ! ಅತ್ತೆಗೆ ಗಡಿಯಾರ ನೋಡಲು ಬರುತ್ತದೆ, ಬರೆಯಲು ಬರುವುದಿಲ್ಲ. ನಾನು ಶಾಲೆ ಬಿಟ್ಟು ಮನೆಯಲ್ಲಿ ಸ್ವಿಚ್ಚು ಕಾಯುತ್ತಾ ಕೂರಲೆ? ಶಾವಿಗೆ ತಿಂದು, ದಿನವೆಲ್ಲ ಕೂತು, ಕೊನೆಗೆ ಕೈ ಝಾಡಿಸಿಕೊಂಡು ಹೋದ ಮನುಷ್ಯನ ಮೇಲೆ ನಾನು ಅವತ್ತು ಹಾಕಿದ ಶಾಪ ಸಣ್ಣದಲ್ಲ.

ಮಾರನೆಯ ದಿನವೇ ರಜೆ ಹಾಕಿ ಚಾಮರಾಜನಗರಕ್ಕೆ ಹೋದೆ. ಅಲ್ಲೊಬ್ಬ ಡೀಲರ್, ಗಾಜಿನ ಬಾಗಿಲಿನ ಅಂಗಡಿ, ಏಸಿ, ಕೂತ ತಕ್ಷಣ ಜ್ಯೂಸು. ನನ್ನ ಹಾಳೆ ನೋಡಿ, ಮೇಡಂ ನೀವೇ ಎಲ್ಲ ಮಾಡಿಬಿಟ್ಟಿದ್ದೀರಲ್ಲ ಎಂದ. ಪ್ಯಾನೆಲ್ ನಾನು ಬರೆದಷ್ಟೇ. ಬ್ಯಾಟರಿ ಮಾತ್ರ ನಾನು ಎಂಟು ಬರೆದಿದ್ದೆ, ಅವನು ಹನ್ನೆರಡು ಮಾಡಿದ. ಜೀವದ ವಿಷಯ ಮೇಡಂ, ಮೂರು ದಿನ ಬಿಸಿಲು ಬರದಿದ್ದರೂ ಯೋಚನೆ ಇರಬಾರದು ಎಂದ. ಇದಲ್ಲವೇ ಮಾತು ಅಂದುಕೊಂಡೆ. ಮೂರನೆಯ ದಿನಕ್ಕೆ ಎಲ್ಲ ಕೂರಿಸಿ, ಬಟನ್ ಒತ್ತಿಸಿ, ಫೋಟೊ ತೆಗೆದುಕೊಂಡು ಹೋದರು. ಸಿಲಿಂಡರನ್ನು ನಾನೇ ವಾಪಸು ಕಳಿಸಿದೆ. ಹನ್ನೆರಡು ಬ್ಯಾಟರಿ ಇರುವಾಗ ಅದೇಕೆ? ಗುಂಡ್ಲುಪೇಟೆಯಲ್ಲಿ ಬ್ಯಾಟರಿಯವರ ಅಂಗಡಿ ಮುಂದೆ ಸ್ಕೂಟರಿನಲ್ಲಿ ಹಾದುಹೋಗುವಾಗ ಬೇಕೆಂದೇ ಅವರ ಕಡೆ ನೋಡಲಿಲ್ಲ.

ಚೈತ್ರ, ವೈಶಾಖ ಚೆನ್ನಾಗಿ ನಡೆಯಿತು. ಬಿಸಿಲು ಧಾರಾಳವಾಗಿತ್ತು. ಪೆಟ್ರೋಲಿನ ಚಿಂತೆ ಇಲ್ಲದ್ದರಿಂದ ಯಜಮಾನರು ಹಗಲೂ ನಳಿಕೆ ಹಾಕಿಕೊಂಡೇ ಇರತೊಡಗಿದರು, ಮುಖಕ್ಕೆ ಕಳೆ ಬಂತು. ಆಷಾಢ ಬಂತು ನೋಡಿ. ನಮ್ಮ ಕಡೆ ಅದು ಸುರಿಯುವ ಮಳೆಯಲ್ಲ. ಕೇರಳದ ಮಳೆಯ ಜಡಿ ಇತ್ತ ಹಾದು ಬರುತ್ತದೆ, ಮೂರು ಹೊತ್ತೂ ಬೂದಿ ಬಣ್ಣದ ಮೋಡ, ಮುಖಕ್ಕೆ ತುಂತುರು. ಹತ್ತು ದಿನ ಸೂರ್ಯನ ಮುಖ ಕಾಣಲಿಲ್ಲ. ನಾನು ಶಾಲೆಯಿಂದ ಬಂದು ಸಂಜೆ ಎರಡು ಗಂಟೆ ಜನರೇಟರ್ ಓಡಿಸುತ್ತಿದ್ದೆ. ಇನ್ವರ್ಟರಿನ ಮೇಲಿನ ಗೆರೆಗಳು ತುಂಬಿದಂತೆ ಕಾಣುತ್ತಿದ್ದವು. ಬೆಳಗಾಗುವಷ್ಟರಲ್ಲಿ ತಳಕ್ಕೆ ಇಳಿದಿರುತ್ತಿದ್ದವು.

ಹನ್ನೊಂದನೆಯ ದಿನ ಒಂಬತ್ತನೇ ತರಗತಿಯಲ್ಲಿ ಪಾಠ ಮಾಡುತ್ತಿದ್ದಾಗ ಅತ್ತೆಯ ಫೋನು. ಪೆಟ್ಟಿಗೆ ಕೂಗ್ತಾ ಅದೆ ಕಣಮ್ಮಿ, ದೀಪ ಎಲ್ಲ ಓಯ್ತು, ಅವ್ನು ಮಾತಾಡ್ತಿಲ್ಲ ಎಂದರು. ಚಾಕ್‌ಪೀಸು ಎಲ್ಲಿ ಎಸೆದೆನೋ ತಿಳಿಯದು. ಸ್ಕೂಟರ್ ಆ ಕೆಸರಿನ ದಾರಿಯಲ್ಲಿ ಹೇಗೆ ಓಡಿತೋ ಅದೂ ತಿಳಿಯದು. ಯಜಮಾನರು ಮಂಚದ ಅಂಚಿನಲ್ಲಿ ಮುಂದಕ್ಕೆ ಬಗ್ಗಿ, ಮೊಣಕಾಲು ಹಿಡಿದು ಕೂತಿದ್ದರು. ತುಟಿ ನೇರಳೆಹಣ್ಣು ತಿಂದವರ ಹಾಗಿತ್ತು. ಅತ್ತೆ ಜನರೇಟರಿನ ಹಗ್ಗ ಎಳೆದೂ ಎಳೆದೂ ಅಂಗೈ ಕಿತ್ತುಕೊಂಡಿದ್ದರು, ಅದು ಹತ್ತಿರಲಿಲ್ಲ. ನಾನು ಮೂರನೆಯ ಸಲ ಎಳೆದಾಗ ಹತ್ತಿತು. ಯಂತ್ರ ಮತ್ತೆ ಗುಂಯ್ ಅಂದಿತು. ಅರ್ಧ ಗಂಟೆಯಾದ ಮೇಲೆ ಅವರು ನನ್ನ ಮುಖ ನೋಡಿ ಏನೂ ಇಲ್ಲ ಎನ್ನುವಂತೆ ಕೈ ಅಲ್ಲಾಡಿಸಿದರು.

ಡೀಲರಿಗೆ ಫೋನು ಮಾಡಿದರೆ, ಮೋಡಕ್ಕೆ ನಾನೇನು ಮಾಡಲಿ ಮೇಡಂ, ಇನ್ನೂ ನಾಲ್ಕು ಬ್ಯಾಟರಿ ಹಾಕಿಸಿಬಿಡಿ ಎಂದ. ಥತ್ ಅಂದು ಫೋನಿಟ್ಟೆ. ಪಕ್ಕದ ಹೊಲದವರನ್ನು ಜನರೇಟರ್ ಹತ್ತಿರ ಕಾವಲು ಕೂರಿಸಿ ಗುಂಡ್ಲುಪೇಟೆಗೆ ಹೋದೆ. ತಪ್ಪು ನನ್ನದೆಂದು ಗೊತ್ತಿದ್ದರೂ ಬ್ಯಾಟರಿಯವರ ಮೇಲೇ ಹರಿಹಾಯ್ದೆ. ನೀವು ಅವತ್ತೇ ಕೊಟ್ಟಿದ್ದರೆ ನಾನು ಅಲ್ಲಿಗೇಕೆ ಹೋಗುತ್ತಿದ್ದೆ ಎಂದೆ. ಅವರು ಅಂಗಡಿಯ ಬಾಗಿಲೆಳೆದು ಬೀಗ ಹಾಕಿ ಮೊಪೆಡ್ ಹತ್ತಿದರು. ‘ನಾ ಅವತ್ತೇ ಏಳ್ಳಿಲ್ವಾ’ ಎಂದು ಒಂದು ಸಲವಾದರೂ ಅಂದಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಅನ್ನಲಿಲ್ಲ.

ಮನೆಗೆ ಬಂದು ಒಂದೊಂದೇ ಬ್ಯಾಟರಿಯ ಮುಚ್ಚಳ ತೆಗೆದು, ಜೇಬಿನ ಗಾಜಿನ ಕೊಳವೆ ಇಳಿಸಿ, ಆಸಿಡ್ ಎಳೆದು ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ಸ್ಪ್ಯಾನರ್ ತೆಗೆದು, ನಾಲ್ಕು ನಾಲ್ಕರ ಮೂರು ಸಾಲಿನಲ್ಲಿ ಒಂದು ಸಾಲನ್ನೇ ಬಿಚ್ಚಿ ಈಚೆಗಿಟ್ಟುಬಿಟ್ಟರು. ಸಾಲದು ಅಂತ ಅಳುತ್ತಿರುವಾಗ ಇರುವುದನ್ನೂ ತೆಗೆಯುವುದೆಂದರೆ! ಇದೇನು ಮಾಡುತ್ತಿದ್ದೀರಿ, ನಿಮಗೆ ಬುದ್ಧಿ ಇದೆಯೇ ಎಂದು ಕೇಳಿಯೇಬಿಟ್ಟೆ.

‘ಎಂಟು ಅಸ ಸಾಕೋ ಮೇವಲ್ಲಿ ಅನ್ನೆರಡು ಅಸ ಕಟ್ಬುಟ್ಟಿದೀರಿ’ ಎಂದರು, ತಲೆ ಎತ್ತದೆ. ‘ಯಾವುದ್ಕೂ ಒಟ್ಟೆ ತುಂಬಿಲ್ಲ. ಅರೆಒಟ್ಟೇಲಿ ಇದ್ದೂ ಇದ್ದೂ ಇವು ಒಳಗೇ ಕಲ್ಲು ಕಟ್ಕೊಂಡವೆ. ಬ್ಯಾಟ್ರಿ ಸಾಯೋದು ದುಡ್ದು ದುಡ್ದು ಅಲ್ಲ ಕಣಮ್ಮ, ಒಟ್ಟೆ ತುಂಬ್ದೆ.’

ನಾನು ಹಾಳೆ ತಂದು ಮತ್ತೆ ಲೆಕ್ಕ ತೋರಿಸಿದೆ. ಪ್ಯಾನೆಲ್ ಸಾಕು ಅಂತ ಬರುತ್ತದಲ್ಲ, ದಿನಕ್ಕೆ ಹದಿನಾಲ್ಕು ಗಂಟೆಗೆ ಸರಿಯಾಗಿ ಹಾಕಿದ್ದೇನಲ್ಲ ಎಂದೆ. ಡಾಕ್ಟರು ಹದಿನಾರು ಎಂದಿದ್ದರು, ಯಜಮಾನರು ತಮಗೆ ಹದಿನಾಲ್ಕೇ ಸಾಕಾಗುತ್ತಿದೆ ಎಂದಿದ್ದರಿಂದ ನಾನು ಅಷ್ಟೇ ಬರೆದಿದ್ದೆ. ಬ್ಯಾಟರಿಯವರು ಎದ್ದು ಯಜಮಾನರ ಮಂಚದ ಪಕ್ಕ ಕೂತರು. ‘ನಾ ಬಂದ ದಿವ್ಸ ನಿಮ್ಮ ಕೆನ್ನೆ ಮೇಲೆ ಕೊಳವೆ ಗುರುತಿತ್ತು ಬುದ್ಧಿ. ಅಷ್ಟು ಆಳ ಕೂತಿತ್ತು ಅಂದ್ರೆ ಬಿಚ್ಚಿ ಜಾಸ್ತಿ ಒತ್ತಾಗಿರ್ಲಿಲ್ಲ. ಹದಿನಾಕು ಗಂಟೆ ಸಾಕಾಗೋ ಉಸುರಲ್ಲ ನಿಮ್ದು. ಈಗ ನಿಜ ಏಳ್ಬುಡಿ.’

ಆಗ ಹೊರಬಂತು. ಜನರೇಟರಿನ ದಿನಗಳಲ್ಲಿ ನಾನು ಹಚ್ಚಿ ಶಾಲೆಗೆ ಹೋದ ತಕ್ಷಣ ಯಜಮಾನರು ಅದನ್ನು ನಿಲ್ಲಿಸುತ್ತಿದ್ದರು. ಹಗಲೆಲ್ಲ ನಳಿಕೆ ಇಲ್ಲದೆ ಏದುಸಿರು ಬಿಡುತ್ತಾ ಕೂತು, ನಾನು ಬರುವ ಹೊತ್ತಿಗೆ, ಹಗಲಲ್ಲಿ ಉಸಿರು ಸಲೀಸಾಗಿತ್ತು, ಅದು ಬೇಕಾಗಲೇ ಇಲ್ಲ ಎನ್ನುತ್ತಿದ್ದರು. ಅತ್ತೆಯಿಂದ ಆಣೆ ಹಾಕಿಸಿಕೊಂಡಿದ್ದರು. ನಾನು ಸ್ಕೇಲಿಟ್ಟು ಗೆರೆ ಎಳೆದ ಹಾಳೆಯ ಹದಿನಾಲ್ಕು ಗಂಟೆ ಆ ಸುಳ್ಳಿನ ಹದಿನಾಲ್ಕು. ಅವರಿಗೆ ನಿಜವಾಗಿ ಬೇಕಿದ್ದದ್ದು ಇಪ್ಪತ್ತನಾಲ್ಕು. ‘ಪೆಟ್ರೋಲು ಉಳೀಲಿ ಅಂತ ಕಣ’ ಎಂದರು ನನ್ನ ಯಜಮಾನರು. ನಾನು ಬಾಯಿಗೆ ಬಂದಂತೆ ಬೈದೆ. ಬೈಯುತ್ತಾ ಬೈಯುತ್ತಾ ಅತ್ತುಬಿಟ್ಟೆ. ಬ್ಯಾಟರಿಯವರು ಎದ್ದು ಹೊರಗೆ ಹೋಗಿ ಪ್ಯಾನೆಲ್ಲಿನ ಮೇಲಿನ ಹಕ್ಕಿ ಹಿಕ್ಕೆ ಒರೆಸುತ್ತಾ ನಿಂತಿದ್ದರು.

ಸತ್ತ ಸಾಲು ಹೋಯಿತು, ಎಂಟು ಬ್ಯಾಟರಿ ಉಳಿದವು. ಸಾಲು ಕಡಿಮೆ ಮಾಡಿದವರೇ ಪ್ಯಾನೆಲ್ಲುಗಳನ್ನು ಹೆಚ್ಚುಕಡಿಮೆ ಎರಡರಷ್ಟು ಮಾಡಿದರು. ಜನರೇಟರಿಗೆ ಹಗ್ಗದ ಬದಲು ಬೀಗದಕೈ ತಿರುಗಿಸಿ ಹಚ್ಚುವ ವ್ಯವಸ್ಥೆ ಕೂರಿಸಿ, ಅತ್ತೆಯ ಕೈಯಲ್ಲಿ ಇಪ್ಪತ್ತು ಸಲ ಹಚ್ಚಿಸಿ ನಿಲ್ಲಿಸಿದರು. ಇಪ್ಪತ್ತೊಂದನೆಯ ಸಲಕ್ಕೆ ಅತ್ತೆ ನಕ್ಕರು. ಸಿಲಿಂಡರನ್ನು ಮತ್ತೆ ತರಿಸಿ ಮಂಚದ ಪಕ್ಕ ನಿಲ್ಲಿಸಿದರು. ನನಗೆ, ಇನ್ನು ಸಂಜೆ ಜನರೇಟರ್ ಹಾಕಲೇಬೇಡಿ, ಬೆಳಿಗ್ಗೆ ಎದ್ದ ತಕ್ಷಣ ಹಾಕಿ ಎಂದರು. ಏಕೆಂದು ಕೇಳಿದೆ. ‘ಬ್ಯಾಟ್ರಿ ಅಸಿದಾಗ ಗಟಗಟ ಕುಡೀತದೆ, ತುಂಬ್ತಾ ಬಂದಾಗ ಗುಟುಕು ಗುಟುಕು. ಗಟಗಟ ಕುಡಿಯೋದ ಪೆಟ್ರೋಲಿಗೆ ಬುಡಿ. ಗುಟುಕು ಗುಟುಕ ದಿನವೆಲ್ಲ ಕುಡಿಸೋ ತಾಳ್ಮೆ ಸೂರ್ಯಂಗೆ ಮಾತ್ರ ಇರೋದು, ಮೋಡ ಇದ್ರೂವೆ’ ಎಂದರು. ಇಪ್ಪತ್ತೆರಡು ವರ್ಷ ಗಣಿತ ಹೇಳಿಕೊಟ್ಟ ನನಗೆ ಇಷ್ಟು ಸರಳವಾದದ್ದು ಹೊಳೆದಿರಲಿಲ್ಲ. ಅದಕ್ಕೂ ಅವರ ಮೇಲೆಯೇ ಸಿಟ್ಟು ಬಂತು.

ಆಮೇಲೆ ಎರಡು ವರ್ಷ ತಿಂಗಳಿಗೊಮ್ಮೆ ಕರೆಯದೆಯೇ ಬರುತ್ತಿದ್ದರು. ಬಂದವರು ಮನೆಯವರ ಯೋಗಕ್ಷೇಮ ಕೇಳಿದ್ದಿಲ್ಲ, ನೇರವಾಗಿ ಬ್ಯಾಟರಿ ಕೋಣೆಗೆ. ಆಯುಧಪೂಜೆಯಲ್ಲಿ ಅತ್ತೆ ಪ್ರತಿ ಬ್ಯಾಟರಿಯ ತಲೆಗೂ ವಿಭೂತಿ ಬಳಿದು, ಕುಂಕುಮ ಇಟ್ಟು, ಚೆಂಡುಹೂ ಸಿಕ್ಕಿಸಿ, ಮೇಲೆ ತೀರ್ಥವನ್ನೂ ಚಿಮುಕಿಸಿದ್ದರು. ನಾನು ಹೆದರಿದ್ದೆ, ಇನ್ನು ಇವರ ಬಾಯಿಗೆ ಸಿಕ್ಕಿಬಿದ್ದೆವು ಅಂತ. ಅವರು ಹೂ ತೆಗೆದು ಪಕ್ಕಕ್ಕಿಟ್ಟು, ಕುಂಕುಮ ಒರೆಸಿ, ವಿಭೂತಿ ಹೊರಗೆ ಸಿಡಿದ ಆಸಿಡ್ಡನ್ನು ಮುರಿಯುತ್ತದೆ, ಅದು ಇರಲಿ ಎಂದರು. ಅಂದಿನಿಂದ ಅತ್ತೆಯ ಕಣ್ಣಿಗೆ ಅವರು ಶರಣರೇ ಆದರು. ನನಗೆ ಮಾತ್ರ ಬೈಗುಳ ತಪ್ಪಲಿಲ್ಲ. ಒಂದು ದಿನ ನೀರು ಅರ್ಧ ಬೆರಳು ಕಡಿಮೆ ಇದ್ದದ್ದಕ್ಕೆ, ಮೇಡಮ್ಮೋರು ಪರೀಕ್ಷೆಲಿ ಐಕ್ಳಿಗೆ ಅರ್ಧ ಮಾರ್ಕು ಬುಡ್ತೀರಾ ಎಂದು ಕೇಳಿದ್ದರು.

ಎರಡು ವರ್ಷ ಕಳೆದು ಮತ್ತೆ ಆಷಾಢ ಬಂತು, ಮತ್ತೆ ಜಡಿ. ಯಜಮಾನರ ಉಸಿರು ದಿನೇ ದಿನೇ ಇಳಿಯುತ್ತಿತ್ತು. ಡಾಕ್ಟರು ಇನ್ನು ಕರೆತರಬೇಡಿ ಎಂದಿದ್ದರು. ಅವತ್ತು ಬೆಳಿಗ್ಗೆ ಆರಕ್ಕೆ ಎದ್ದು ಜನರೇಟರ್ ಹಚ್ಚಿದೆ. ಹಿಂದಿನ ದಿನ ಪೇಟೆಗೆ ಹೋದವಳು ಪೆಟ್ರೋಲ್ ತರುವುದನ್ನು ಮರೆತಿದ್ದೆ. ಕ್ಯಾನು ಖಾಲಿ. ಎರಡು ಗಂಟೆ ಓಡಬೇಕಾದದ್ದು ನಲವತ್ತು ನಿಮಿಷಕ್ಕೆ ಕೆಮ್ಮಿ ನಿಂತಿತು. ಪಕ್ಕದ ಹೊಲದವರನ್ನು ಪೆಟ್ರೋಲಿಗೆ ಕಳಿಸಿದೆ. ಒಂಬತ್ತೂವರೆಗೆ, ಅವರು ವಾಪಸು ಬರುವ ಮೊದಲೇ, ಯಜಮಾನರು ನನ್ನ ಕೈ ಹಿಡಿದುಕೊಂಡೇ ಹೋಗಿಬಿಟ್ಟರು.

ನನಗೆ ಅಳು ಬರಲಿಲ್ಲ. ಅಯ್ಯೋ, ಪೆಟ್ರೋಲ್ ತರಲಿಲ್ಲವಲ್ಲ, ಪೆಟ್ರೋಲ್ ತರಲಿಲ್ಲವಲ್ಲ ಎಂದು ಬಂದವರ ಮುಂದೆಲ್ಲ ಹೇಳುತ್ತಿದ್ದೆನಂತೆ. ಮಧ್ಯಾಹ್ನದ ಹೊತ್ತಿಗೆ ಅಂಗಳ ತುಂಬ ಜನ. ಜಗುಲಿಯ ಮೇಲೆ ಆಗಲೇ ಗುಸುಗುಸು ಶುರುವಾಗಿತ್ತು. ಪೆಟ್ರೋಲ್ ಇರ್ಲಿಲ್ವಂತೆ, ಕರೆಂಟ್ ಓಗಿ ಮಿಷನ್ನು ನಿಂತೋಯ್ತಂತೆ, ಪೇಟೇಲಿ ಇದ್ದಿದ್ರೆ ಉಳ್ಕಂತಿದ್ದ ಎಂದು ಯಾರೋ ಯಾರಿಗೋ ಹೇಳುತ್ತಿದ್ದದ್ದು ನನ್ನ ಕಿವಿಗೆ ಬಿತ್ತು. ನಿಜವಿರಬೇಕು ಎಂದೇ ನಾನೂ ನಂಬಿದ್ದೆ. ಅತ್ತೆ ನನ್ನ ಮುಖ ನೋಡುತ್ತಿರಲಿಲ್ಲ.

ಬ್ಯಾಟರಿಯವರು ಆಗ ಬಂದರು. ತುಂತುರಿನಲ್ಲಿ ನೆನೆದು ಅಂಗಿ ಮೈಗಂಟಿತ್ತು. ಎಲ್ಲರೂ ಶವದ ಕಡೆ ಹೋಗಿ ಕೈ ಮುಗಿಯುತ್ತಿದ್ದರೆ ಇವರು ಅತ್ತ ತಿರುಗಿಯೂ ನೋಡದೆ ನೇರ ಬ್ಯಾಟರಿ ಕೋಣೆಗೆ ಹೋದರು. ಜನ ಬಾಯಿ ಬಿಟ್ಟು ನೋಡಿದರು. ಸಾವಿನ ಮನೆಯಲ್ಲೂ ಈ ಮನುಷ್ಯನಿಗೆ ಇದೇನು ಹುಚ್ಚು ಎಂದು ನನಗೆ ಅಸಹ್ಯವೇ ಆಯಿತು. ಒಳಗೆ ಮುಚ್ಚಳ ತೆಗೆಯುವ ಸದ್ದು, ಹಾಕುವ ಸದ್ದು. ಎಂಟು ಬ್ಯಾಟರಿ, ಒಂದೊಂದಕ್ಕೆ ಆರು ಮುಚ್ಚಳ. ಒಂದನ್ನೂ ಬಿಡದೆ ನೋಡಿದರೆಂದು ಕಾಣುತ್ತದೆ, ಬಹಳ ಹೊತ್ತು ಹಿಡಿಯಿತು. ಆಮೇಲೆ ಬಂದು ಹಜಾರದ ಬಾಗಿಲಲ್ಲಿ ನಿಂತರು. ಯಾವತ್ತೂ ಗಟ್ಟಿಯಾಗಿ ಮಾತಾಡದವರು ಅವತ್ತು ಜಗುಲಿಯವರೆಗೂ ಕೇಳುವಂತೆ ಮಾತಾಡಿದರು.

‘ಬ್ಯಾಟ್ರಿ ಇನ್ನೂ ಅರ್ಧಕ್ಕಿಂತ ಮೇಲೇ ಅದೆ. ಪೆಟ್ರೋಲ್ ಇಲ್ದೆ ಓದ್ರೂವೆ ಇವತ್ತು ಸಂಜೆಗಂಟ ಓಡೋದು. ಮಿಷನ್ನು ಒಂದು ಗಳಿಗೆನೂ ನಿಂತಿಲ್ಲ.’ ಆಮೇಲೆ ನನ್ನ ಕಡೆ ತಿರುಗಿದರು. ‘ಯಾಕೆ ನಿಂತದೆ ಅಂತೀರ? ನೋಡಿ, ಅದು ಇನ್ನೂ ಓಡ್ತಾ ಅದೆ.’

ನಾವೆಲ್ಲ ಒಳಗಿನ ಮಂಚದ ಕಡೆ ನೋಡಿದೆವು. ಯಜಮಾನರನ್ನು ನಮ್ಮ ಪದ್ಧತಿಯಂತೆ ಹಜಾರಕ್ಕೆ ತಂದು ಕೂರಿಸಿ ಮೂರು ತಾಸಾಗಿತ್ತು. ಖಾಲಿ ಮಂಚದ ಪಕ್ಕದಲ್ಲಿ ಯಂತ್ರ ಹಾಗೆಯೇ ಓಡುತ್ತಿತ್ತು, ನಳಿಕೆ ನೆಲದ ಮೇಲೆ ಬಿದ್ದು ಗಾಳಿ ಬಿಡುತ್ತಿತ್ತು. ಅದನ್ನು ನಿಲ್ಲಿಸಬೇಕೆಂದು ಯಾರಿಗೂ ನೆನಪಾಗಿರಲಿಲ್ಲ. ಆ ಸದ್ದಿಗೆ ಕಿವಿ ಎಷ್ಟು ಒಗ್ಗಿತ್ತೆಂದರೆ ನನಗೆ ಅದು ಕೇಳಿಸಿಯೇ ಇರಲಿಲ್ಲ. ಅತ್ತೆ ಎದ್ದು ಬಂದು ನನ್ನನ್ನು ತಬ್ಬಿಕೊಂಡರು. ಬ್ಯಾಟರಿಯವರು ಬಗ್ಗಿ ಸ್ವಿಚ್ಚು ಆರಿಸಿದರು. ಆಗ ನನಗೆ ಅಳು ಬಂತು.

ಅವರು ಅವತ್ತು ಮಳೆಯಲ್ಲಿ ಅಷ್ಟು ದೂರ ಬಂದದ್ದು ಬ್ಯಾಟರಿ ನೋಡಲಲ್ಲ. ಸಾವಿನ ಸುದ್ದಿಯ ಜೊತೆಗೇ ಪೆಟ್ರೋಲ್ ತೀರಿದ ಮಾತೂ ಪೇಟೆ ಮುಟ್ಟಿದ್ದರಿಂದ, ಊರಿನ ಬಾಯಿ ಏನು ಹೇಳುತ್ತದೆ, ನಾನು ಏನು ನಂಬುತ್ತೇನೆ ಎರಡೂ ಅವರಿಗೆ ಮೊದಲೇ ಗೊತ್ತಿತ್ತು. ಸಂಜೆಯವರೆಗೆ ತಡೆದಿದ್ದರೆ ಬ್ಯಾಟರಿ ಖಾಲಿಯಾಗಿ ಆ ಲೆಕ್ಕಕ್ಕೆ ಸಾಕ್ಷಿ ಇರುತ್ತಿರಲಿಲ್ಲ. ಇಷ್ಟು ನನಗೆ ಅರ್ಥವಾಗಲು ತಿಂಗಳುಗಳೇ ಬೇಕಾದವು. ಅರ್ಥವಾದ ಮೇಲೂ ಅಂಗಡಿಗೆ ಹೋಗಿ ಹೇಳಲಿಲ್ಲ. ಹೋದಾಗಲೆಲ್ಲ ಏನಾದರೊಂದು ಕೊಂಕು ತೆಗೆಯುತ್ತಿದ್ದರು, ನಾನೂ ರೇಗಿಕೊಂಡು ಬರುತ್ತಿದ್ದೆ. ಈಗ ಆ ಅಂಗಡಿಯಲ್ಲಿ ಮೊಬೈಲ್ ಮಾರುತ್ತಾರೆ. ಯಾರಿಗೂ ಕೆಲಸ ಕಲಿಸದೆ ಹೋದರಲ್ಲ ಎಂಬ ಸಿಟ್ಟು ಇನ್ನೂ ಇದೆ. ಆದರೆ ನನ್ನ ಯಜಮಾನರು ಕರೆಂಟಿಲ್ಲದೆ ಸಾಯಲಿಲ್ಲ. ಅದು ನನಗೆ ಗೊತ್ತಿದೆ, ಅತ್ತೆಗೂ ಗೊತ್ತಿದೆ, ಅದರ ಬಲದಿಂದಲೇ ನಾವಿಬ್ಬರೂ ಇವತ್ತಿಗೂ ಒಂದೇ ಮನೆಯಲ್ಲಿ ಕೂತು ಊಟ ಮಾಡುತ್ತಿದ್ದೇವೆ.